"ಒಂದು ಇಂಜೆಕ್ಷನ್ ಕೊಟ್ಟು ಕಳಿಸಿಬಿಡ್ರಿ" ಎಂದಾಗ ನಾನು ಮಾಡುವುದು

ದಾವಣಗೆರೆ ಸುತ್ತಲಿನ ಹಳ್ಳಿಗಳಲ್ಲಿ, ಗುಣವಾಗದ ಕಾಯಿಲೆಯವರನ್ನು ಅವರವರ ಮನೆಗೇ ಹೋಗಿ ನೋಡುವ ವೈದ್ಯ ನಾನು. ಜಾಸ್ತಿ ಜನ ಕ್ಯಾನ್ಸರ್ ರೋಗಿಗಳು. ಬೆಂಗಳೂರಿಗೆ ಹೋಗಿ, ರೇಡಿಯೇಶನ್ ಮುಗಿಸಿ, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಹೇಳಿಸಿಕೊಂಡು ಬಂದವರು. ಇವರಲ್ಲಿ ಬಹಳ ಮಂದಿ ಒಂದಲ್ಲ ಒಂದು ದಿನ ಕೇಳುತ್ತಾರೆ: "ಡಾಕ್ಟ್ರೇ, ಒಂದು ಇಂಜೆಕ್ಷನ್ ಕೊಟ್ಟು ಕಳಿಸಿಬಿಡ್ರಿ."

ನಮ್ಮ ದೇಶದಲ್ಲಿ ವೈದ್ಯ ಹಾಗೆ ಮಾಡುವಂತಿಲ್ಲ. ಅದು ಅಪರಾಧ. ಸಾಯಲು ಔಷಧಿ ಕೈಗೆ ಕೊಡುವುದೂ ಅಪರಾಧವೇ. ಆದರೆ ನಾನು ಕಾನೂನಿನ ಮಾತಿನಿಂದ ಶುರು ಮಾಡುವುದಿಲ್ಲ. ಮನೆಯವರನ್ನು ಟೀ ಮಾಡಲು ಒಳಗೆ ಕಳಿಸುತ್ತೇನೆ. ಮಂಚದ ಪಕ್ಕ ಕೂತು ಕೇಳುತ್ತೇನೆ: "ಯಾವುದು ತಡಕೊಳ್ಳೋಕೆ ಆಗ್ತಿಲ್ಲ, ಹೇಳಿ."

ಉತ್ತರ ಬೇಗ ಬರುವುದಿಲ್ಲ. ಕಾಯಬೇಕು.

ಜಗಳೂರು ಕಡೆಯ ಒಬ್ಬ ಅಜ್ಜಿಗೆ ದವಡೆಯ ಕ್ಯಾನ್ಸರ್. ಕೆನ್ನೆ ಒಡೆದು ಗಾಯವಾಗಿತ್ತು. ನೋವು ಎಂದು ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದು ವಾಸನೆಯನ್ನು. "ಮೊಮ್ಮಗ ಹತ್ರ ಬರೋದು ಬಿಟ್ಟಾನ್ರಿ. ಸೊಸೆ ಪಾಪ ಮೂಗು ಮುಚ್ಕೊಳಲ್ಲ, ಉಸಿರು ಹಿಡಕೊಂಡು ಉಣ್ಣಿಸ್ತಾಳೆ. ಇದ್ದು ಏನ್ ಮಾಡ್ಲಿ?" ಇಂಥ ಗಾಯದ ವಾಸನೆಗೆ ಮೆಟ್ರೋನಿಡಜೋಲ್ ಮಾತ್ರೆಯನ್ನು ಪುಡಿ ಮಾಡಿ ಗಾಯದ ಮೇಲೆ ಉದುರಿಸುತ್ತೇವೆ. ಅಗ್ಗದ ಮಾತ್ರೆ. ಕೆಲವೇ ದಿನಗಳಲ್ಲಿ ವಾಸನೆ ಇಳಿಯಿತು, ಹುಡುಗ ಮತ್ತೆ ಅಜ್ಜಿಯ ಹಾಸಿಗೆ ಮೇಲೆ ಕೂತ. ಅವರು ತೀರಿಕೊಳ್ಳುವವರೆಗೂ ಮತ್ತೆ ಇಂಜೆಕ್ಷನ್ ಮಾತು ಎತ್ತಲಿಲ್ಲ.

ಉಳಿದವರಲ್ಲಿ ಹೆಚ್ಚಿನವರದು ನೋವೇ. ಅದಕ್ಕೆ ಅಫೀಮಿನಿಂದ ತೆಗೆಯುವ ನೋವಿನ ಔಷಧಿ ಮಾರ್ಫಿನ್ ಇದೆ. ಕ್ಯಾನ್ಸರ್ ನೋವಿಗೆ ಬಾಯಲ್ಲಿ ನುಂಗುವ ಮಾರ್ಫಿನ್ ಕೊಡಿ, ನೋವು ಬಂದ ಮೇಲಲ್ಲ, ಗಡಿಯಾರ ನೋಡಿ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆ. ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ಕೊಡುತ್ತೇನೆ. ಮಲಗುವಾಗ ಸ್ವಲ್ಪ ಹೆಚ್ಚು, ನಡುರಾತ್ರಿ ಎಬ್ಬಿಸಬಾರದು ಅಂತ. ಜೊತೆಗೆ ಮಲಬದ್ಧತೆಗೆ ಮಾತ್ರೆ ಕೊಡಲೇಬೇಕು, ಇಲ್ಲದಿದ್ದರೆ ಹೊಟ್ಟೆ ಕಟ್ಟಿ ರೋಗಿ ಮಾರ್ಫಿನ್ನೇ ಬೇಡ ಅನ್ನುತ್ತಾನೆ. ಮನೆಯವರಿಗೆ ಭಯ ಬೇರೆ. "ಚಟ ಹತ್ತಲ್ವಾ ಸರ್?" "ಇದು ಕೊಟ್ರೆ ಬೇಗ ಹೋಗ್ತಾರಂತೆ?" ಅಳತೆ ನೋಡಿ, ನಿಧಾನಕ್ಕೆ ಏರಿಸುತ್ತಾ ಹೋದರೆ ಮಾರ್ಫಿನ್ ಆಯಸ್ಸು ಕಡಿಮೆ ಮಾಡುವುದಿಲ್ಲ. ಇದನ್ನು ಪ್ರತಿ ಮನೆಯಲ್ಲೂ ಕೂತು ಬಿಡಿಸಿ ಹೇಳುತ್ತೇನೆ.

ಕಷ್ಟ ಇರುವುದು ಅದು ಸಿಗುವುದರಲ್ಲಿ. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಮಾರ್ಫಿನ್ ಇಟ್ಟುಕೊಳ್ಳಲು ನಾನಾ ಪರವಾನಗಿ ಬೇಕಾದವು. ಆಸ್ಪತ್ರೆಗಳು ಕೈಬಿಟ್ಟವು. 2014ರ ತಿದ್ದುಪಡಿ ಅದನ್ನು ಸರಳ ಮಾಡಿತು. ಆದರೂ ಹಳ್ಳಿಯವರಿಗೆ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಸಿಗುವ ಮಾತ್ರೆ ಇದಲ್ಲ. ಮಾನ್ಯತೆ ಪಡೆದ ಸಂಸ್ಥೆ ಹುಡುಕಿಕೊಂಡು ಬಸ್ ಹತ್ತಬೇಕು.

ನೆದರ್ಲೆಂಡ್ಸ್‌ನಲ್ಲಿ 2002ರಿಂದ ವೈದ್ಯರ ನೆರವಿನ ಸಾವಿಗೆ ಕಾನೂನಿದೆ. ತಡೆಯಲಾಗದ ಸಂಕಟ ಇರಬೇಕು, ಬೇರೆ ಯಾವ ದಾರಿಯೂ ಉಳಿದಿರಬಾರದು ಎಂಬುದು ಅಲ್ಲಿನ ಷರತ್ತು. ನಮ್ಮಲ್ಲಿ ಆ ಬೇರೆ ದಾರಿಯನ್ನು ತೋರಿಸಿಯೇ ಇಲ್ಲವಲ್ಲ! ಮಾರ್ಫಿನ್ ಕಾಣದವನ ಮುಂದೆ ಸಾವಿನ ಆಯ್ಕೆ ಇಡುವುದು ನ್ಯಾಯವಲ್ಲ. ಅವನು ಆರಿಸಿಕೊಳ್ಳುತ್ತಿಲ್ಲ, ಓಡಿಹೋಗುತ್ತಿದ್ದಾನೆ. ಅದಕ್ಕೇ ನಾನು ಇಂಥ ಕಾನೂನು ಈಗ ಇಲ್ಲಿ ಬೇಡ ಅನ್ನುವವನು. ಇನ್ನೊಂದು ಕಾರಣವೂ ಇದೆ. ಬೋರ್‌ವೆಲ್ ಸಾಲ, ಅಡವಿಟ್ಟ ಹೊಲ ಇರುವ ಮನೆಯಲ್ಲಿ ಅಜ್ಜ "ನನಗೆ ಸಾಕು" ಎಂದರೆ, ಆ ಮಾತು ಅವರದೋ, ಸಾಲದ್ದೋ? ಎಷ್ಟೋ ಸಲ ನನಗೆ ಹೇಳಲು ಬಂದಿಲ್ಲ.

ಎಲ್ಲರ ಬೇಡಿಕೆಯೂ ಹೀಗೆ ಕರಗುವುದಿಲ್ಲ. ಚಿತ್ರದುರ್ಗದ ಒಬ್ಬ ನಿವೃತ್ತ ಮೇಷ್ಟ್ರಿಗೆ ನರಗಳು ಸೊರಗುತ್ತಾ ಹೋಗುವ ಕಾಯಿಲೆ. ಕೈಕಾಲು ಹೋಗಿ, ನುಂಗುವುದು ಹೋಗಿ, ಉಸಿರಾಟಕ್ಕೆ ಬಂದಿತ್ತು. ನೋವಿರಲಿಲ್ಲ, ಸಾಲವೂ ಇರಲಿಲ್ಲ. ತಲೆ ಸ್ಪಷ್ಟ. ಅವರ ಬೇಡಿಕೆಯಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. "ಅದನ್ನು ನಾನು ಮಾಡಲಾರೆ ಮೇಷ್ಟ್ರೇ. ಆದರೆ ಗಂಟಲಿಗೆ ತೂತು, ವೆಂಟಿಲೇಟರ್ ಬೇಡ ಅನ್ನುವ ಹಕ್ಕು ನಿಮಗಿದೆ. ಅದನ್ನು ಉಳಿಸಿಕೊಡ್ತೀನಿ" ಎಂದೆ. ಅವರು ತಡೆತಡೆದು ಹೇಳಿದರು: "ಅರ್ಧ ಕೊಡ್ತಿದೀರಿ." ಹೌದು, ಅರ್ಧವೇ. ಉಸಿರು ಕಟ್ಟಿದಾಗ ಸಣ್ಣ ಪ್ರಮಾಣದ ಮಾರ್ಫಿನ್ ಕೊಟ್ಟೆವು. ಮೆಷಿನ್ ಹಾಕಲಿಲ್ಲ.

ಆ ಅರ್ಧವನ್ನಾದರೂ ನಮ್ಮ ಜನ ಪೂರ್ತಿ ಬಳಸಿಕೊಳ್ಳಲಿ ಅನ್ನುವುದು ನನ್ನ ಆಸೆ. ಈಗ ಏನಾಗುತ್ತಿದೆ? ಐಸಿಯುನಲ್ಲಿ ಆಸೆ ಮುಗಿದಿರುತ್ತದೆ. ಹೇಳುವವರಿಲ್ಲ. ಬಿಲ್ ಏರುತ್ತದೆ. ಕೊನೆಗೆ ಮಗ "ನಮ್ಮ ಸ್ವಂತ ಜವಾಬ್ದಾರಿ" ಎಂದು ಸಹಿ ಹಾಕಿ, ಆಂಬುಲೆನ್ಸ್‌ನಲ್ಲಿ ಉಸಿರಿನ ಚೀಲ ಒತ್ತಿಸಿಕೊಂಡು ತಂದೆಯನ್ನು ಊರಿಗೆ ಒಯ್ಯುತ್ತಾನೆ. ಬಾಯಿಗೆ ನೀರು ಬಿಡಬೇಕು, ಹಣೆಗೆ ವಿಭೂತಿ ಹಚ್ಚಬೇಕು ಅನ್ನುವ ಆತುರ. ಏದುಸಿರಿಗೆ ಒಂದು ಔಷಧಿಯೂ ಜೊತೆಗಿರುವುದಿಲ್ಲ. ಮಗನಿಗೆ ಮಾತ್ರ ಜೀವನವಿಡೀ "ನಾನೇ ಕೊಂದೆನೇ?" ಅನ್ನುವ ಕೊರಗು.

ಹೀಗೆ ಕದ್ದು ಹೋಗುವ ಅಗತ್ಯವೇ ಇಲ್ಲ. ಹೊನ್ನಾವರ ತಾಲ್ಲೂಕಿನ ಹಳದೀಪುರದಿಂದ ಮುಂಬೈಗೆ ಹೋಗಿ, ಹಲ್ಲೆಯ ನಂತರ ದಶಕಗಳ ಕಾಲ ಪ್ರಜ್ಞೆಯಿಲ್ಲದಂತೆ ಮಲಗಿದ್ದ ನರ್ಸ್ ಅರುಣಾ ಶಾನ್‌ಭಾಗ್ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್, ಗುಣವಾಗದವರಿಗೆ ಜೀವ ಎಳೆಯುವ ಚಿಕಿತ್ಸೆ ನಿಲ್ಲಿಸುವ ಬಾಗಿಲನ್ನು ಸ್ವಲ್ಪ ತೆರೆಯಿತು. 2018ರಲ್ಲಿ ಲಿವಿಂಗ್ ವಿಲ್, ಅಂದರೆ ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಪತ್ರವನ್ನು ಒಪ್ಪಿತು. 2023ರಲ್ಲಿ ನಿಯಮ ಸಡಿಲಿಸಿತು. 2025ರ ಜನವರಿ 30ರಂದು ನಮ್ಮ ರಾಜ್ಯದ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಘನತೆಯ ಸಾವಿಗಾಗಿ ವರ್ಷಗಟ್ಟಲೆ ಹೋರಾಡಿದ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ದಾವಣಗೆರೆಯವರೇ. ನಮ್ಮೂರಿಗೆ ಇದು ಹೊಸ ಮಾತೇನಲ್ಲ.

ಚಿಕಿತ್ಸೆ ನಿಲ್ಲಿಸಲು ಈಗಿನ ಕ್ರಮ ಹೀಗಿದೆ. ಚಿಕಿತ್ಸೆ ನೀಡುವ ವೈದ್ಯರು ಮತ್ತು ಕನಿಷ್ಠ ಐದು ವರ್ಷ ಅನುಭವವಿರುವ ಇಬ್ಬರು ತಜ್ಞರು ಸೇರಿ ಮೊದಲ ಮಂಡಳಿ. ಅವರು ಒಪ್ಪಿದರೆ, ಬೇರೆ ಮೂವರ ಎರಡನೇ ಮಂಡಳಿ. ಅದರಲ್ಲಿ ಒಬ್ಬರನ್ನು ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸುತ್ತಾರೆ. ಸಾಧ್ಯವಾದಷ್ಟೂ 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಮನೆಯವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಆಮೇಲೆ ವೆಂಟಿಲೇಟರ್ ತೆಗೆಯಬಹುದು. ರೋಗಿ ಲಿವಿಂಗ್ ವಿಲ್ ಬರೆದಿಡದಿದ್ದರೂ ಈ ದಾರಿ ಇದೆ. ಹೀಗೆ ಮೆಷಿನ್ ತೆಗೆದಾಗ ಜೀವ ಒಯ್ಯುವುದು ಕಾಯಿಲೆ, ಮಗನಲ್ಲ, ವೈದ್ಯನೂ ಅಲ್ಲ. ಸಂಕಟ ಆಗದಂತೆ ಔಷಧಿ ಕೊಡುತ್ತಲೇ ತೆಗೆಯುತ್ತಾರೆ.

ಮನೆಯವರಿಗೆ ಇದನ್ನೆಲ್ಲ ಹೇಳುವ ನಾನು ನನ್ನ ಲಿವಿಂಗ್ ವಿಲ್ಲನ್ನೂ ಬರೆದೆ. ಇಬ್ಬರು ಸಾಕ್ಷಿಗಳ ಮುಂದೆ ಸಹಿ, ನೋಟರಿ ದೃಢೀಕರಣ. ಗೆಜೆಟೆಡ್ ಅಧಿಕಾರಿಯ ಮುಂದೆಯೂ ಆಗುತ್ತದೆ. ಒಂದು ಪ್ರತಿ ಪಾಲಿಕೆಗೆ. ನನ್ನ ಪರವಾಗಿ ನಿರ್ಧರಿಸಲು ಹೆಂಡತಿ ಮತ್ತು ತಂಗಿಯ ಹೆಸರು. ಬರೆಯುವುದು ಸುಲಭ. ಅವರಿಬ್ಬರನ್ನು ಕೂರಿಸಿಕೊಂಡು ಓದಿ ಹೇಳುವುದು ಕಷ್ಟ. ವೆಂಟಿಲೇಟರ್ ಬೇಡ, ಡಯಾಲಿಸಿಸ್ ಬೇಡ ಅನ್ನುವವರೆಗೆ ತಂಗಿ ಸುಮ್ನೆ ಕೇಳಿದಳು. ಆಹಾರ ಕೊಡುವ ಮೂಗಿನ ನಳಿಗೆಯೂ ಬೇಡ ಅಂದಾಗ ಎದ್ದು ನಿಂತಳು. "ಅಣ್ಣಾ, ಹಸಿದು ಸಾಯೋದನ್ನ ನೋಡ್ಕೊಂಡು ಕೂರೋಕೆ ನನ್ನಿಂದಾಗಲ್ಲ." ಸಾವು ಹತ್ತಿರವಾದಾಗ ದೇಹಕ್ಕೆ ಹಸಿವೇ ಇರುವುದಿಲ್ಲ ಎಂದು ವಿವರಿಸಿದೆ. ಅವಳು ಒಪ್ಪಿಲ್ಲ. ಆ ಸಾಲು ಸದ್ಯಕ್ಕೆ ಹಾಗೇ ಇದೆ. ವಿಲ್ಲನ್ನು ಯಾವಾಗ ಬೇಕಾದರೂ ಬರೆದು ಬದಲಿಸಬಹುದು. ದೀಪಾವಳಿಗೆ ಅವಳು ಊರಿಗೆ ಬಂದಾಗ ಮತ್ತೆ ಕೂತು ಮಾತಾಡುತ್ತೇವೆ.