ಮಳೆಗಾಲಕ್ಕೆ ತಾಳುವ ರಿಂಗ್ ಗೊಬ್ಬರ

ಪಂಚಾಯತಿನ ಪರವಾಗಿ ಕಸ ಸಂಗ್ರಹಿಸುವ ಹರಿತ ಕರ್ಮಸೇನೆಯವರು ಮನೆಬಾಗಿಲಿಗೆ ಬಂದು ಒಯ್ಯುವುದು ತೊಳೆದು ಒಣಗಿಸಿದ ಪ್ಲಾಸ್ಟಿಕ್ಕನ್ನು. ಕಾಸರಗೋಡಿನ ನಮ್ಮ ಹಳ್ಳಿ ಪಂಚಾಯತುಗಳಲ್ಲಿ ಕೊಳೆಯುವ ಕಸ ಮನೆಯವರ ಪಾಲಿಗೇ ಉಳಿಯುತ್ತದೆ. ತೋಟವಿದ್ದವರು ತೆಂಗಿನ ಬುಡಕ್ಕೆ ಎಸೆದು ಕೈ ತೊಳೆದುಕೊಳ್ಳುತ್ತಾರೆ. ಹಿಂದೆಯೇ ಹೆಗ್ಗಣ, ನೊಣ, ಕಾಡುಹಂದಿ. ಐದು ಸೆಂಟ್ಸಿನ ಮನೆಗಳಿಗೆ ಆ ದಾರಿಯೂ ಇಲ್ಲ. ಈ ಕಸವನ್ನು ಗೊಬ್ಬರ ಮಾಡಲು ನಾವು ಬಳಸುವುದು ಬಾವಿಗೆ ಇಳಿಸುವ ಸಿಮೆಂಟ್ ರಿಂಗನ್ನೇ.

ಅಳತೆ ಮೊದಲು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಅಂದಾಜಿನಂತೆ ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಆಹಾರ ಕಸಕ್ಕೆ ಹೋಗುತ್ತದೆ, ಸಿಪ್ಪೆ ಮೂಳೆ ಎಲ್ಲ ಸೇರಿ. ಅಂದರೆ ಐದು ಮಂದಿಯ ಮನೆಗೆ ದಿನಕ್ಕೆ ಮುಕ್ಕಾಲು ಕಿಲೋ. ಮೂರು ಅಡಿ ಅಗಲ, ಒಂದು ಅಡಿ ಎತ್ತರದ ಎರಡು ರಿಂಗ್ ಒಂದರ ಮೇಲೊಂದು ಇಟ್ಟರೆ 400 ಲೀಟರಿನಷ್ಟು ಜಾಗ. ಕಸ ಕುಗ್ಗುತ್ತಾ ಹೋಗುವುದರಿಂದ ತುಂಬಲು ನಾಲ್ಕೈದು ತಿಂಗಳು ಬೇಕು. ಇಂಥ ಜೋಡಿ ಎರಡಿರಲಿ: ಒಂದು ತುಂಬುವಾಗ ಇನ್ನೊಂದು ಮಾಗಲಿ.

ಬಾವಿಯಿಂದ 25 ಅಡಿ ದೂರದಲ್ಲಿ, ಅಂಗಳಕ್ಕಿಂತ ಅರ್ಧ ಅಡಿ ಏರಿಸಿದ ಜಾಗದಲ್ಲಿ ಕೂರಿಸಿ. ತಳಕ್ಕೆ ಕಾಂಕ್ರೀಟ್ ಬೇಡ, ಅರ್ಧ ಇಂಚಿನ ಕಬ್ಬಿಣದ ಜಾಲರಿ ಸಾಕು. ನೀರು ಇಳಿಯುತ್ತದೆ, ಹೆಗ್ಗಣ ಏರುವುದಿಲ್ಲ. ಜಾಲರಿಯ ಮೇಲೆ ತೆಂಗಿನ ಸಿಪ್ಪೆಯನ್ನು ಗುಳಿ ಕೆಳಗಾಗಿ ಹಾಸಿ. ತೆಂಗಿನ ಬುಡದಲ್ಲಿ ನೀರು ಹಿಡಿಯಲೆಂದು ಗುಳಿ ಮೇಲೆ ಮಾಡುತ್ತೇವಲ್ಲ, ಇಲ್ಲಿ ಅದರ ತಲೆಕೆಳಗು. ಮೇಲೆ ತಗಡಿನ ಮಾಡು. ರಿಂಗಿನಿಂದ ಸುತ್ತಲೂ ಒಂದು ಅಡಿ ಹೊರಚಾಚಿರಬೇಕು. ವರ್ಷಕ್ಕೆ 3,000 ಮಿಲಿಮೀಟರ್ ಮೀರುವ ನಮ್ಮ ಮಳೆಗೆ ಗೋಣಿ ಮುಚ್ಚುವುದೆಲ್ಲ ನಾಟಕ.

ಒಂದು ಪಾಲು ಹಸಿ ಕಸಕ್ಕೆ ಎರಡು ಪಾಲು ತರಗೆಲೆ, ತೂಕದಲ್ಲಲ್ಲ, ಬಕೆಟ್ ಅಳತೆಯಲ್ಲಿ. ಹಸಿ ಕಸದಲ್ಲಿ ಸಾರಜನಕ ಹೆಚ್ಚು, ಎಲೆಯಲ್ಲಿ ಇಂಗಾಲ ಹೆಚ್ಚು. ಸುಮಾರು ಒಂದು ಪಾಲು ಸಾರಜನಕಕ್ಕೆ ಮೂವತ್ತು ಪಾಲು ಇಂಗಾಲದ ಹದಕ್ಕೆ ಬಂದರೆ ಕೊಳೆಯುವಿಕೆ ಚೆನ್ನಾಗಿ ಸಾಗುತ್ತದೆ. ವಾರಕ್ಕೊಮ್ಮೆ ಒಂದು ಚೊಂಬು ಸೆಗಣಿ ನೀರು. ಎಲ್ಲರೂ ಸೋಲುವುದು ಜುಲೈಯಲ್ಲಿ, ಒಣ ಎಲೆ ಮುಗಿದಾಗ. ನಮ್ಮ ಕೆಲಸದ ಮುಖ್ಯ ಭಾಗ ಇರುವುದೇ ಫೆಬ್ರವರಿಯಿಂದ ಮೇವರೆಗೆ: ಹಲಸು, ಗೇರು, ಮಾವಿನ ಎಲೆ ಗುಡಿಸಿ ಗೋಣಿಗೆ ತುರುಕಿ ಸೌದೆಕೊಟ್ಟಿಗೆಯ ಅಟ್ಟಕ್ಕೇರಿಸುವುದು. ಮೇಲಿನ ಲೆಕ್ಕದ ಮನೆಗೆ ದಿನಕ್ಕೆ ಮೂರು ಲೀಟರ್ ಎಲೆ ಬೇಕು. ಜೂನ್‌ನಿಂದ ಅಕ್ಟೋಬರ್‌ವರೆಗೆ 450 ಲೀಟರ್, ಒತ್ತಿ ತುಂಬಿದರೆ ಐದಾರು ಗೋಣಿ. ಸಾಲದಿದ್ದರೆ ತೆಂಗಿನ ನಾರಿನ ಹುಡಿ ಬೆರೆಸಬಹುದು. ಅದು ನೀರು ಹೀರುತ್ತದೆ, ಆದರೆ ತಾನು ಕೊಳೆಯಲು ಬಹಳ ನಿಧಾನ.

ಒಂದು ಹಿಡಿ ತೆಗೆದು ಹಿಂಡಿ ನೋಡಿ. ಬೆರಳ ಸಂದಿನಲ್ಲಿ ಒಂದೆರಡು ಹನಿ ಕಂಡರೆ ಹದ; ಧಾರೆ ಇಳಿದರೆ ಎಲೆ ಹಾಕಿ ಮಗುಚಿ. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಇಲ್ಲವೆಂದೇ ಅರ್ಥ. ಕಣ್ಣಿಗೆ ಚುರುಗುಟ್ಟುವ ಅಮೋನಿಯ ವಾಸನೆಗೆ ಕಾರಣ ಎಲೆಯ ಕೊರತೆ, ಇಲ್ಲವೇ ಒಲೆಬೂದಿ. ಬೂದಿ ಕ್ಷಾರ ಹೆಚ್ಚಿಸಿ ಸಾರಜನಕವನ್ನು ಗಾಳಿಗೆ ಓಡಿಸುತ್ತದೆ, ಹಾಗಾಗಿ ಅದನ್ನು ರಿಂಗಿಗೆ ಹಾಕದೆ ನೇರ ತೆಂಗಿಗೇ ಕೊಡಿ. ದಪ್ಪ ಬಿಳಿಹುಳ ಕಂಡು ಹೆದರಿ ಫಿನಾಯಿಲ್ ಹೊಯ್ಯಬೇಡಿ: ಅದು ಕಪ್ಪು ಸೈನಿಕ ನೊಣದ ಮರಿ, ಕಸವನ್ನು ನಮಗಿಂತ ಬೇಗ ಮುಗಿಸುತ್ತದೆ. ಉಪ್ಪಿನಕಾಯಿ, ಕರಿದ ಎಣ್ಣೆ, ಗೆರಟೆ ಬೇಡ. ಮೀನಿನ ತಲೆ-ಕರುಳು ಒಂದೂವರೆ ಅಡಿ ಆಳದ ಗುಂಡಿಗೆ ಹೋಗಲಿ.

ರಿಂಗಿಗೆ ಬೀಳುವುದನ್ನು ಮೊದಲೇ ಕಡಿಮೆ ಮಾಡುವ ವಿದ್ಯೆ ನಮ್ಮ ಅಡುಗೆಯಲ್ಲಿ ಇದ್ದೇ ಇದೆ. ಬಚ್ಚಂಗಾಯಿಯ (ಕಲ್ಲಂಗಡಿಯ) ಬಿಳಿ ಭಾಗ ಹೆಚ್ಚಿ ಎರಡು ಲೋಟ, ನೆನೆಸಿದ ಬೆಳ್ತಿಗೆ ಅಕ್ಕಿ ಎರಡು ಲೋಟ, ಉಪ್ಪು. ನೀರು ಹಾಕದೆ ರುಬ್ಬಿ ಆಗಲೇ ದೋಸೆ ಎರೆಯಬಹುದು, ಹುಳಿ ಬರುವವರೆಗೆ ಕಾಯಬೇಕಿಲ್ಲ. ಹೀರೆಯ ಸಿಪ್ಪೆ ಚಟ್ನಿಗೆ, ಬಾಳೆಯ ಕೂಂಬೆ (ಹೂ) ಪಲ್ಯಕ್ಕೆ.

ತುಂಬಿದ ಜೋಡಿಯನ್ನು ಎರಡೂವರೆ ತಿಂಗಳು ಮುಚ್ಚಿಟ್ಟು, ನಡುವೆ ಒಮ್ಮೆ ಮಗುಚಿ, ಜರಡಿ ಹಿಡಿಯಿರಿ. ಉಳಿದ ತರಿ ಹೊಸ ರಿಂಗಿಗೆ, ಇಳಿದ ಗೊಬ್ಬರ ಅಂಗಳದ ತರಕಾರಿಗೆ. ದಿನಕ್ಕೆ ತಲೆಗೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಬೇಕೆನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಐದು ಮಂದಿಗೆ ಎರಡು ಕಿಲೋ ತರಕಾರಿಯಾಯಿತು; ಅಂಗಳದ ಹತ್ತು ಗ್ರೋಬ್ಯಾಗ್ (ಗಿಡ ಬೆಳೆಸುವ ಚೀಲ) ಅಷ್ಟು ಕೊಡುವುದಿಲ್ಲ, ಕೊಡುತ್ತದೆ ಎನ್ನುವವರನ್ನು ನಂಬಬೇಡಿ. ಆದರೆ ಪೇಟೆಯಿಂದ ಬಾಡಿ ಬರುವ ಸೊಪ್ಪನ್ನು ಖಂಡಿತ ಬಿಡಬಹುದು.

ಗ್ರೋಬ್ಯಾಗಿಗೆ ಕೆಂಪು ಮಣ್ಣು, ಮರಳು, ಗೊಬ್ಬರ ಸಮಪಾಲು. ನಮ್ಮ ಮುರಕಲ್ಲು ಮಣ್ಣು ಹುಳಿಯಾದ್ದರಿಂದ ಹದಿನೈದು ದಿನ ಮೊದಲೇ ಚೀಲಕ್ಕೊಂದು ಹಿಡಿ ಸುಣ್ಣದ ಹುಡಿ. ಬಸಳೆ ಬಳ್ಳಿಯ ತುಂಡನ್ನು ಮಳೆಗಾಲದಲ್ಲೂ ನೆಡಬಹುದು. ಹರಿವೆ ಮಾತ್ರ ಅಕ್ಟೋಬರ್ ನಂತರ. ಜಡಿಮಳೆಗೆ ಸಸಿ ನೆಲಕಚ್ಚುತ್ತದೆ. ಬೀಜಕ್ಕೆ ರವೆ ಬೆರೆಸಿ ಚೆಲ್ಲಿದರೆ ಇರುವೆ ರವೆಯನ್ನು ಹೊತ್ತೊಯ್ದು ಬೀಜ ಬಿಡುತ್ತದೆ. ತಿಂಗಳು ಕಳೆದ ಮೇಲೆ ಕೀಳದೆ, ಬುಡದಲ್ಲಿ ಎರಡು ಗಂಟು ಬಿಟ್ಟು ಕೊಯ್ದು, ಒಂದು ಹಿಡಿ ಗೊಬ್ಬರ ಹಾಕಿದರೆ ಇನ್ನೊಮ್ಮೆ ಚಿಗುರುತ್ತದೆ.