ಹೊಲದಲ್ಲಿ ಬರೆದುಕೊಂಡ ಲೆಕ್ಕ, ಹೊಲದವರಿಗೆ ಹೇಳುವುದು ಹೇಗೆ?

ಆಳಂದ ತಾಲ್ಲೂಕಿನ ಒಂದು ಊರಿನ ಗುಡಿಕಟ್ಟೆ. ಸಂಶೋಧಕರೊಬ್ಬರು ತೊಗರಿ ಗಿಡ ಒಣಗಿಸುವ ನೆಟೆ ರೋಗದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಮೂರು ವರ್ಷ ಕಷ್ಟಪಟ್ಟು ಮಾಡಿದ ಒಳ್ಳೆಯ ಕೆಲಸ. ಮುಗಿದ ಮೇಲೆ ಒಬ್ಬ ಅಜ್ಜ ಎದ್ದು ಕೇಳಿದರು: ‘ಸರ, ಹಂಗಾದ್ರ ಈ ಸಲ ಯಾವ ಬೀಜ ಹಾಕಬೇಕ್ರಿ?’ ಅದಕ್ಕೆ ಉತ್ತರ ಅವರ ಪ್ರಬಂಧದಲ್ಲೇ ಇತ್ತು. ನಲವತ್ತು ಸ್ಲೈಡ್‌ಗಳಲ್ಲಿ ಅದು ಅಜ್ಜನ ಕೈಗೆ ಸಿಗಲಿಲ್ಲ. ಇಂಥ ಸಭೆಗಳನ್ನು ಬಹಳ ನೋಡಿದ್ದೇನೆ. ಪ್ರತಿ ಸಲವೂ ಸಂಕಟವಾಗುತ್ತದೆ.

ನೀವೂ ನಿಮ್ಮ ಸಂಶೋಧನೆಯನ್ನು ರೈತರಿಗೆ ಹೇಳಲು ಹೊರಟಿದ್ದರೆ, ಮೊದಲು ಜೊತೆಗೆ ಕೆಲಸ ಮಾಡಿದವರ ಮತ್ತು ಗೈಡ್ ಅವರ ಒಪ್ಪಿಗೆ ಪಡೆಯಿರಿ.

ಆಮೇಲೆ, ಯಾರಿಗೆ ಹೇಳುತ್ತೀರಿ ಅಂತ ಗೊತ್ತು ಮಾಡಿಕೊಳ್ಳಿ. ನನ್ನನ್ನು ಕೇಳಿದರೆ, ಯಾರ ಹೊಲದಲ್ಲಿ ಗಿಡ ಎಣಿಸಿದಿರೋ ಅವರಿಗೇ ಮೊದಲು. ಪತ್ರಿಕೆ, ಆಕಾಶವಾಣಿಯ ಕಲಬುರಗಿ ಕೇಂದ್ರ ಎಲ್ಲ ಅದರ ನಂತರ.

ಮೂರನೆಯದು, ಕಂಡುಕೊಂಡಿದ್ದನ್ನು ಒಂದೇ ವಾಕ್ಯಕ್ಕೆ ಇಳಿಸುವುದು. ಕೆಲಸ ಕೆಡುವುದು ಇಲ್ಲೇ. ಇದಕ್ಕೆ ಒಂದು ವಾರ ಹಿಡಿದರೂ ಹಿಡಿಯಲಿ.

ಪದಗಳಿಂದ ಶುರು ಮಾಡಿ. ರೋಗ ತರುವ ಶಿಲೀಂಧ್ರದ ಹೆಸರು ಹಿಡಿದು ‘ಫ್ಯುಸೇರಿಯಂ ಉಡಮ್’ ಅನ್ನಬೇಡಿ, ನೆಟೆ ರೋಗ ಅನ್ನಿ. ಕಾಂಡ ಸೀಳಿದರೆ ಒಳಗೆ ಕಂದು ಗೆರೆ ಕಾಣುತ್ತದಲ್ಲ, ಅದು ಅಂದರೆ ಎಲ್ಲರಿಗೂ ತಿಳಿಯುತ್ತದೆ. ಆದರೆ ನೆಟೆ ತಡೆಯಲು ಬಳಸುವ ಉಪಕಾರಿ ಶಿಲೀಂಧ್ರ ಟ್ರೈಕೋಡರ್ಮಾಗೆ ಸಂಸ್ಕೃತದ ಹೆಸರು ಕಟ್ಟಬೇಡಿ. ಗೊಬ್ಬರದ ಅಂಗಡಿಯಲ್ಲಿ ಕೇಳಲು ಆ ಹೆಸರೇ ಬೇಕು.

‘ರೋಗ ನಿರೋಧಕ ತಳಿ’ ಅನ್ನುವ ಮಾತಿನಲ್ಲಿ ಜಾಸ್ತಿ ಎಚ್ಚರ ಬೇಕು. ಟಿಎಸ್-3ಆರ್ ನೆಟೆ ತಡೆಯುವ ತಳಿ ಅಂದರೆ, ಕೇಳುವವರಿಗೆ ಅದು ‘ರೋಗವೇ ಬರೋದಿಲ್ಲ’ ಅಂತ ಕೇಳಿಸುತ್ತದೆ. ನೆಟೆ ಬರುವುದು ಮಣ್ಣಿನಲ್ಲಿರುವ ಶಿಲೀಂಧ್ರದಿಂದ. ಗಿಡ ಹೂ, ಕಾಯಿ ಬಿಡದಂತೆ ಮಾಡುವ ಗೊಡ್ಡು ರೋಗ ನುಸಿ ಹರಡುವ ವೈರಸ್‌ನಿಂದ. ಒಂದನ್ನು ತಡೆಯುವ ತಳಿ ಇನ್ನೊಂದನ್ನೂ ತಡೆಯುತ್ತದೆ ಅನ್ನುವಂತಿಲ್ಲ. ಇದನ್ನು ಬಾಯಿ ಬಿಟ್ಟು ಹೇಳಲೇಬೇಕು. ಹೇಳದಿದ್ದರೆ ಗೊಡ್ಡು ಬಿದ್ದ ವರ್ಷ ನಿಮ್ಮ ಮಾತೇ ಸುಳ್ಳಾಯಿತು ಅನ್ನುತ್ತಾರೆ.

ಇನ್ನು ಲೆಕ್ಕ. ಹೆಕ್ಟೇರಿಗೆ 1200 ಕೆಜಿ ಅಂದರೆ ಕಟ್ಟೆಯ ಮೇಲೆ ಕೂತವರು ಮನಸ್ಸಿನಲ್ಲೇ ಭಾಗಿಸುತ್ತಾ ಕೂರಬೇಕು. ಎಕರೆಗೆ ಐದು ಕ್ವಿಂಟಲ್‌ಗೆ ಸ್ವಲ್ಪ ಕಡಿಮೆ ಅನ್ನಿ, ಸಾಕು. ಶೇಕಡಾ ಬಂದಾಗ ಇನ್ನೂ ಹುಷಾರಾಗಿರಿ. ನೂರು ಗಿಡದಲ್ಲಿ ನಾಲ್ಕು ಒಣಗುತ್ತಿದ್ದವು, ಈಗ ಎರಡು ಒಣಗಿದವು ಅಂದುಕೊಳ್ಳಿ. ‘ರೋಗ ಶೇ 50 ಇಳಿಕೆ’ ಅಂದರೂ ಲೆಕ್ಕ ತಪ್ಪಲ್ಲ. ಆದರೆ ರೈತ ಉಳಿಸಿಕೊಂಡಿದ್ದು ನೂರಕ್ಕೆ ಎರಡೇ ಗಿಡ. ಅದಕ್ಕಾಗಿ ಎಷ್ಟು ಖರ್ಚು ಮಾಡಬಹುದು ಅಂತ ಅವರೇ ಲೆಕ್ಕ ಹಾಕಬೇಕಲ್ವಾ? ಹಾಗಾಗಿ ಎಷ್ಟಿದ್ದದ್ದು ಎಷ್ಟಾಯಿತು ಅಂತ ಎರಡೂ ಸಂಖ್ಯೆ ಕೊಡಿ.

ಅಂಕಿಅಂಶದಲ್ಲಿ ‘ಸಿಗ್ನಿಫಿಕೆಂಟ್’ ಅನ್ನುವ ಪದ ಬರುತ್ತದೆ. ಅದನ್ನು ‘ಗಣನೀಯ’ ಅಂತ ಬರೆದುಬಿಡುತ್ತಾರೆ. ಗಣನೀಯ ಅಂದರೆ ನಮಗೆ ದೊಡ್ಡದು. ಅಲ್ಲಿ ಆ ಪದದ ಅರ್ಥವೇ ಬೇರೆ: ಸುಮ್ನೆ ಆಕಸ್ಮಿಕವಾಗಿ ಇಷ್ಟು ವ್ಯತ್ಯಾಸ ಬರುವುದು ಅಪರೂಪ ಅಂತ ಅಷ್ಟೇ. ವ್ಯತ್ಯಾಸ ಚಿಕ್ಕದೂ ಇರಬಹುದು. ಆ ಪದ ಬಿಟ್ಟು ಅರ್ಥ ಹೇಳಿ.

ಕೊನೆಗೆ ಮಿತಿ. ಎರೆ ಹೊಲದಲ್ಲಿ, ಎರಡು ವರ್ಷ, ಮಳೆ ಚೆನ್ನಾಗಿದ್ದಾಗ ಮಾಡಿದ ಪ್ರಯೋಗವಾದರೆ ಅಷ್ಟನ್ನೂ ಆ ವಾಕ್ಯದಲ್ಲೇ ಸೇರಿಸಿ. ‘ಸಾಬೀತಾಗಿದೆ’ ಬೇಡ, ‘ನಾವು ನೋಡಿದ ಹೊಲಗಳಲ್ಲಿ ಕಂಡಿದ್ದು’ ಅನ್ನಿ. ಹೀಗಂದರೆ ಜನ ನಂಬುವುದಿಲ್ಲ ಅಂತ ಕೆಲವರಿಗೆ ಭಯ. ನಾನು ನೋಡಿದ ಮಟ್ಟಿಗೆ ಹಾಗಾಗಿಲ್ಲ. ಮಳೆ ನೋಡಿ ಬದುಕುವವರಿಗೆ ‘ಹೀಗಿದ್ದರೆ ಹೀಗೆ’ ಅನ್ನುವ ಮಾತು ಹೊಸದೇನಲ್ಲ.

ವಾಕ್ಯ ಸಿದ್ಧವಾದ ಮೇಲೆ ಕೃಷಿ ಓದದ ಒಬ್ಬರಿಗೆ ಹೇಳಿ, ಅವರಿಂದ ವಾಪಸ್ ಹೇಳಿಸಿ. ಅವರು ತಪ್ಪು ಹೇಳಿದರೆ ತಪ್ಪು ನಿಮ್ಮ ವಾಕ್ಯದ್ದು. ಅನುವಾದದ ಆ್ಯಪ್‌ಗೆ ಇಂಗ್ಲಿಷ್ ಸಾರಾಂಶ ಹಾಕಿ ತೆಗೆಯುವ ಅಡ್ಡದಾರಿ ಬೇಡವೇ ಬೇಡ. ಅದಕ್ಕೆ ನೆಟೆಯೂ ಗೊತ್ತಿಲ್ಲ, ಗೊಡ್ಡೂ ಗೊತ್ತಿಲ್ಲ. ರೆಡಿಮೇಡ್ ಪೋಸ್ಟರ್‌ಗಳೂ ಅಷ್ಟೇ, ತೊಗರಿಯ ಮಾತಿಗೆ ಗೋಧಿ ಹೊಲದ ಚಿತ್ರ ಇರುತ್ತದೆ. ನಿಮ್ಮ ಫೋನಿನಲ್ಲಿ ತೆಗೆದ ಒಣಗಿದ ಗಿಡದ ಫೋಟೊ ಅದಕ್ಕಿಂತ ಸಾವಿರ ಪಾಲು ಮೇಲು.

ಸಮಯ: ಬೀಜದ ಮಾತಾದರೆ ಜೂನ್‌ನ ಮಿರಗ (ಮೃಗಶಿರಾ) ಮಳೆ ಕೂಡುವ ಮೊದಲು, ಮೇ ತಿಂಗಳಲ್ಲೇ ಹೇಳಿ. ಬಿತ್ತಿದ ಮೇಲೆ ಹೇಳಿ ಏನು ಮಾಡುವುದು? ರೋಗ ಗುರುತಿಸುವುದನ್ನು ತೋರಿಸಬೇಕಿದ್ದರೆ ತೊಗರಿ ನಿಂತಿರುವಾಗ ಹೊಲಕ್ಕೇ ಕರೆದುಕೊಂಡು ಹೋಗಿ.

ಸಭೆಯಲ್ಲಿ ಹತ್ತು ನಿಮಿಷ ಮಾತು ಸಾಕು. ಕಲಬುರಗಿ ತೊಗರಿಯ ಕಣಜ, 2019ರಲ್ಲಿ ಅದಕ್ಕೆ ಜಿಐ ಟ್ಯಾಗ್ (ಊರಿನ ಹೆಸರಿನ ಭೌಗೋಳಿಕ ಗುರುತು) ಸಿಕ್ಕಿತು ಅನ್ನುವ ಪೀಠಿಕೆ ಬೆಳೆಯುವವರಿಗೇ ಬೇಕಿಲ್ಲ. ಮೊದಲ ಮಾತೇ ಬೀಜದ ಮಾತಾಗಲಿ. ಔರಾದ್ ಕಡೆ ಮರಾಠಿ, ಗುರುಮಠಕಲ್ ಕಡೆ ತೆಲುಗು ಬಲ್ಲ ಊರಿನವರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಹೆಣ್ಣುಮಕ್ಕಳಿಗೆ ಮುಂದೆಯೇ ಜಾಗ ಮಾಡಿಸಿ. ಕಳೆ ತೆಗೆಯುವಾಗ ಒಣಗಿದ ಗಿಡ ಮೊದಲು ನೋಡುವವರು ಅವರೇ.

ವಾಟ್ಸ್‌ಆ್ಯಪ್‌ನಲ್ಲಿ ಇಪ್ಪತ್ತು ಪುಟದ ಪಿಡಿಎಫ್ ಕಳಿಸಬೇಡಿ. ಎರಡು ನಿಮಿಷದ ಧ್ವನಿ ಸಂದೇಶ ಕಳಿಸಿ, ಒಂದು ಪುಟದ ಚೀಟಿಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ಅಂಟಿಸಿ.

ಜನ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ಉತ್ತರ ಗೊತ್ತಿಲ್ಲದವನ್ನೂ ಸೇರಿಸಿ. ರಾಶಿ ಮುಗಿದ ಮೇಲೆ ಆ ಪಟ್ಟಿ ಹಿಡಿದು ಅದೇ ಕಟ್ಟೆಗೆ ಹೋಗಿ, ಯಾರ ಹೊಲದಲ್ಲಿ ನಿಮ್ಮ ಮಾತು ನಡೆಯಲಿಲ್ಲ ಅಂತ ಕೇಳಿ ಬರೆದುಕೊಳ್ಳಿ.