ನಿತ್ರಾಣವನ್ನು ನಾನು ಅರಿತ ಬಗೆ

ವೃದ್ಧರಿಗೆ ಫಿಸಿಯೋಥೆರಪಿ ಮಾಡುವ ನಾನು ಬಹುಕಾಲ ನಿತ್ರಾಣವೆಂದರೆ, ಅಂದರೆ ಸಣ್ಣ ಕಾಯಿಲೆಯನ್ನೂ ತಾಳಲಾರದಷ್ಟು ದೇಹದ ತ್ರಾಣ ಕುಗ್ಗುವ ಸ್ಥಿತಿಯೆಂದರೆ, ಮುಪ್ಪಿನ ಇನ್ನೊಂದು ಹೆಸರೆಂದೇ ತಿಳಿದಿದ್ದೆ. ಅದು ತಪ್ಪೆಂದು ಮನದಟ್ಟಾದದ್ದು ಎಂಬತ್ತು ದಾಟಿದ ಒಬ್ಬ ತಾಯಿಯಿಂದ. ಮೂರು ದಿನದ ಜ್ವರ ಬಿಟ್ಟ ಮೇಲೆ "ಅಮ್ಮಾ, ಹತ್ತು ದಿನ ಆರಾಮವಾಗಿ ಮಲಗಿರಿ" ಎಂದು ಅವರಿಗೆ ಹೇಳಿದವನು ನಾನೇ. ಆ ಬಳಿಕ ಹೋದಾಗ ಅವರು ಎರಡೂ ಕೈಗಳನ್ನು ಕುರ್ಚಿಯ ತೋಳಿಗೆ ಊರಿ, ಮೈಯನ್ನು ಎರಡು ಬಾರಿ ಮುಂದಕ್ಕೆ ತೂಗಿ, ಮೂರನೆಯ ಬಾರಿ ಅರ್ಧ ಎದ್ದು ಮತ್ತೆ ಕುಸಿದು ಕುಳಿತರು. ಆರೋಗ್ಯವಂತ ವೃದ್ಧರೇ ಹತ್ತು ದಿನ ಹಾಸಿಗೆ ಹಿಡಿದರೆ ಕಾಲುಗಳ ಮಾಂಸಖಂಡ ಸುಮಾರು 1 ಕಿಲೋ ಕರಗಬಹುದು; ಮೊದಲೇ ತ್ರಾಣದ ದಾಸ್ತಾನು ತೀರುತ್ತ ಬಂದವರಿಗೆ ಅಷ್ಟು ಕಳೆದುಕೊಂಡರೆ ಉಳಿಯುವುದೇನು? ಆ ಸಲಹೆಯ ಬಗ್ಗೆ ನನಗೆ ಇಂದಿಗೂ ನೋವಿದೆ.

ಅಂದಿನಿಂದ ನಾನು ವಯಸ್ಸನ್ನು ಕೇಳುವ ಮೊದಲು ನಡಿಗೆಯನ್ನು ನೋಡುತ್ತೇನೆ. ಅಮೆರಿಕದ ವೃದ್ಧಾರೋಗ್ಯ ತಜ್ಞೆ ಲಿಂಡಾ ಫ್ರೀಡ್ ಮತ್ತು ಸಂಗಡಿಗರು 2001ರಲ್ಲಿ ಹೇಳಿದ ಐದು ಲಕ್ಷಣಗಳು, ಅಂದರೆ ಬಯಸದೆಯೇ ತೂಕ ಇಳಿಯುವುದು, ಸದಾ ಬಳಲಿಕೆ, ಕೈಹಿಡಿತದ ಸಡಿಲಿಕೆ, ನಿಧಾನಗತಿಯ ನಡಿಗೆ, ಕುಗ್ಗಿದ ಓಡಾಟ, ಇವುಗಳಲ್ಲಿ ಮೂರಿದ್ದರೆ ನಿತ್ರಾಣವೆಂದೂ ಒಂದೆರಡಿದ್ದರೆ ಅದರ ಹೊಸ್ತಿಲೆಂದೂ ಎಣಿಸುತ್ತೇನೆ. ಹೊಸ್ತಿಲಲ್ಲಿರುವವರನ್ನು ಹಿಂದಕ್ಕೆ ಕರೆತರುವುದು ಎಷ್ಟೋ ಸುಲಭ.

ಆ ತಾಯಿಯ ಕುರ್ಚಿಗೆ ಗಟ್ಟಿ ದಿಂಬು ಹಾಕಿ ಎತ್ತರಿಸಿದೆ. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಐದು ಬಾರಿ ಎದ್ದು ಕೂರುವುದೇ ವ್ಯಾಯಾಮವಾಯಿತು. ಅದು ಹಗುರವೆನಿಸಿದಂತೆ ತೆಳುವಾದ ದಿಂಬು ಇಟ್ಟೆ. ವೈದ್ಯರು ಅವರ ಮಾತ್ರೆಗಳನ್ನೆಲ್ಲ ಮರುಪರಿಶೀಲಿಸಿ, ಎದ್ದು ನಿಂತಾಗ ರಕ್ತದೊತ್ತಡ ಕುಸಿಯುತ್ತಿದ್ದುದನ್ನು ಕಂಡು ಒಂದನ್ನು ನಿಲ್ಲಿಸಿದರು. ಮೂತ್ರಪಿಂಡದ ತೊಂದರೆ ಇಲ್ಲದ್ದರಿಂದ, ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಸಿಗುವಂತೆ ಊಟವನ್ನೂ ಹೊಂದಿಸಿದೆವು.

ಎಲ್ಲಕ್ಕಿಂತ ಕಷ್ಟವಾದದ್ದು ಮನೆಯವರ ಕೈಗಳನ್ನು ತಡೆಯುವುದು. ಪ್ರೀತಿಯಿಂದಲೇ ಅವರನ್ನು ರಟ್ಟೆ ಹಿಡಿದು ಎಬ್ಬಿಸುತ್ತಿದ್ದ ಸೊಸೆಗೆ, ಪಕ್ಕದಲ್ಲಿ ನಿಲ್ಲಿ, ಹತ್ತು ಎಣಿಸುವವರೆಗೆ ಮುಟ್ಟಬೇಡಿ ಎಂದು ಹೇಳಿದೆ. ಒಂದು ದಿನ ಆಕೆ ಕೈ ಚಾಚಿದಾಗ "ತಡಿಯಮ್ಮ, ನಾನೇ ಏಳ್ತೀನಿ" ಎಂದು ಅತ್ತೆಯೇ ತಡೆದರು. ಮೂರು ತಿಂಗಳಾದರೂ ಮೆಟ್ಟಿಲು ಹತ್ತಲು ಅವರಿಗೆ ಆಸರೆ ಬೇಕು. ಆದರೆ ರಾತ್ರಿ ಬಚ್ಚಲಿಗೆ ಹೋಗಲು ಈಗ ಯಾರನ್ನೂ ಎಬ್ಬಿಸುವುದಿಲ್ಲ.